ಮೆಣಸಿನ ಹೂವಿನೊಳಗಿನ ಹೊಸ ನುಸಿ

ಅದರ ಗುರುತು, ಅದರಿಂದಾಗುವ ನಷ್ಟ ಮತ್ತು ಅದನ್ನು ತಡೆಯತಕ್ಕ ಬಗೆ

ಮೆಣಸಿನ ಪೈರಿಗೆ ಬರುವ ಎಲೆ ಮುಟುರು ರೋಗವು ಬೆಳಗಾವಿ, ಧಾರವಾಡ, ಹಾವೇರಿ ಸೀಮೆಯ ರೈತರಿಗೆ ತಲೆಮಾರುಗಳಿಂದ ಪರಿಚಿತವಾದದ್ದು. ಎಳೆಯ ಎಲೆಯ ಅಂಚುಗಳು ಮೇಲಕ್ಕೆ ಮಡಿಸಿಕೊಂಡು ದೋಣಿಯ ಆಕಾರವನ್ನು ತಾಳಿದರೆ ನುಸಿ ಬಿದ್ದಿದೆಯೆಂದು ಅವರು ನೋಡಿದೊಡನೆಯೇ ಹೇಳಬಲ್ಲರು. ಆದರೆ 2021ನೆಯ ಇಸವಿಯ ಕೊನೆಯ ತಿಂಗಳುಗಳಲ್ಲಿ ದಕ್ಷಿಣದ ಮೆಣಸಿನ ಹೊಲಗಳಿಗೆ ಬಂದೆರಗಿದ ಪೀಡೆಯು ಈ ಪರಿಚಯಕ್ಕೆ ನಿಲುಕಲಿಲ್ಲ. ಗಿಡವು ಆಳೆತ್ತರಕ್ಕಲ್ಲದಿದ್ದರೂ ಚೆನ್ನಾಗಿಯೇ ಬೆಳೆದು, ಮೈತುಂಬ ಹೂ ಬಿಟ್ಟು ನಿಂತಿದ್ದಾಗ, ಆ ಹೂಗಳು ಕಾಯಿ ಕಚ್ಚದೆ ನೆಲಕ್ಕೆ ಉದುರಿದವು. ಎಲೆಯನ್ನು ನೋಡಿ ರೋಗವನ್ನು ತಿಳಿಯುವ ಅಭ್ಯಾಸವುಳ್ಳವರು ಎಲೆಯನ್ನೇ ನೋಡುತ್ತ ಉಳಿದರು, ಹುಳುವು ಹೂವಿನೊಳಗಿತ್ತು. ಈ ಹೊಸ ಹುಳುವಿನ ವಿವರವನ್ನು ಹಿಡುವಳಿದಾರರೂ ಗ್ರಾಮದ ಮುಖ್ಯಸ್ಥರೂ ತಿಳಿದಿರಬೇಕಾದುದು ಅವಶ್ಯವಾದುದರಿಂದ ಅದನ್ನು ಇಲ್ಲಿ ಕೊಡಲಾಗಿದೆ.

ಈ ಕೀಟದ ಶಾಸ್ತ್ರೀಯ ನಾಮವು ಥ್ರಿಪ್ಸ್ ಪಾರ್ವಿಸ್ಪೈನಸ್. ಕಿರಿದಾದ ಮುಳ್ಳುಗಳುಳ್ಳದ್ದು ಎಂದು ಲ್ಯಾಟಿನ್ ಭಾಷೆಯಲ್ಲಿ ಇದರ ಅರ್ಥ. ಲೋಕಕ್ಕೆ ಇದು ಹೊಸತಲ್ಲ. ಆಸ್ಟ್ರಿಯಾ ದೇಶದ ಕೀಟಶಾಸ್ತ್ರಜ್ಞರಾದ ಕಾರ್ನಿ ಎಂಬವರು ಸಯಾಮಿನಲ್ಲಿ, ಅಂದರೆ ಈಗಿನ ಥಾಯ್ಲೆಂಡಿನಲ್ಲಿ, ದೊರೆತ ಹುಳುಗಳನ್ನು ಪರೀಕ್ಷಿಸಿ 1922ರಲ್ಲಿ ಇದನ್ನು ಮೊದಲು ವರ್ಣಿಸಿದರು. ಆಗ್ನೇಯ ಏಷ್ಯದ ದೇಶಗಳಲ್ಲಿ ಇದು ಮೆಣಸಿನಕಾಯಿಗೂ ಇತರ ತರಕಾರಿಗಳಿಗೂ ಬಹುಕಾಲದಿಂದ ಶತ್ರುವಾಗಿದೆ. ಭಾರತಕ್ಕೆ ಮಾತ್ರ ಇದು ಹೊಸ ಅತಿಥಿ. ಬೆಂಗಳೂರಿನಲ್ಲಿ ಪಪ್ಪಾಯಿ ಗಿಡದ ಮೇಲೆ ಸಿಕ್ಕಿದ ಹುಳುಗಳಿಂದ ಇದು ನಮ್ಮ ದೇಶದಲ್ಲಿದೆಯೆಂಬ ಸಂಗತಿಯು 2015ರಲ್ಲಿ ಪ್ರಕಟವಾಯಿತು. ಬಳಿಕ ಡೇಲಿಯಾ ಮೊದಲಾದ ಅಲಂಕಾರದ ಗಿಡಗಳ ಮೇಲೆಯೂ ಕಂಡಿತು. ಐದಾರು ವರುಷಗಳ ಕಾಲ ಅದು ಪಂಡಿತರ ಪತ್ರಿಕೆಗಳಲ್ಲಿ ಮಾತ್ರ ಇದ್ದಿತೆನ್ನಬಹುದು. 2021ರ ಮೊದಲ ತಿಂಗಳುಗಳಲ್ಲಿ ಆಂಧ್ರದ ಗುಂಟೂರು ಜಿಲ್ಲೆಯ ಮೆಣಸಿನ ಹೊಲಗಳಲ್ಲಿ ಹಾನಿಯು ತೋರಿತು. ಅದೇ ವರುಷದ ಕೊನೆಗೆ ಆಂಧ್ರ, ತೆಲಂಗಾಣ, ಕರ್ನಾಟಕಗಳ ವಿಶಾಲವಾದ ಪ್ರದೇಶವನ್ನು ಆವರಿಸಿಕೊಂಡಿತು. ನೆರೆಯ ಆ ಸೀಮೆಗಳಲ್ಲಿ ಕೆಲವು ರೈತರು ಹೂವಿದ್ದ ಪೈರನ್ನೇ ಕಿತ್ತು ಹೊಲವನ್ನು ಬೇರೆ ಬೆಳೆಗೆ ಬಿಟ್ಟುಕೊಡಬೇಕಾಯಿತು. ನಮ್ಮ ರೈತರು ಇದನ್ನು ಕಪ್ಪು ನುಸಿಯೆಂದು ಕರೆಯುತ್ತಾರೆ. ಈ ಹೆಸರು ಒಪ್ಪತಕ್ಕದ್ದಾಗಿದೆ.

ಎಲೆಯನ್ನು ಮುಟುರಿಸುವ ಹಳೆಯ ನುಸಿಯ ಚರಿತ್ರೆಯೂ ನಮಗೆ ಸಮೀಪದ್ದೇ. ಸ್ಕಿರ್ಟೊಥ್ರಿಪ್ಸ್ ಡಾರ್ಸಾಲಿಸ್ ಎಂಬ ಆ ಹುಳುವನ್ನು ಹುಡ್ ಎಂಬವರು 1919ರಲ್ಲಿ ವರ್ಣಿಸಿದ್ದು ಕೊಯಿಮತ್ತೂರಿನಲ್ಲಿ ಹರಳುಗಿಡದ ಮೇಲೆ ಹಿಡಿದ ಹುಳುಗಳಿಂದ. ಒಂದು ಇಲ್ಲಿಂದ ಹೊರಗೆ ಹೋಗಿ ಲೋಕಕ್ಕೆ ಪೀಡೆಯಾಯಿತು. ಇನ್ನೊಂದು ಹೊರಗಿನಿಂದ ಇಲ್ಲಿಗೆ ಬಂದಿತು.

ಥ್ರಿಪ್ಸ್ ಎಂಬ ಜಾತಿಯ ಕೀಟಗಳು ಜಗತ್ತಿನಲ್ಲಿ ಆರು ಸಾವಿರಕ್ಕೂ ಮಿಕ್ಕಿವೆ. ಗ್ರೀಕ್ ಭಾಷೆಯಲ್ಲಿ ಈ ಶಬ್ದಕ್ಕೆ ಮರವನ್ನು ಕೊರೆಯುವ ಹುಳುವೆಂದು ಅರ್ಥ. ಮರವನ್ನು ಕೊರೆಯಲಾರದ ಈ ಬಡ ಜೀವಿಗೆ ಆ ಹೆಸರು ಸಲ್ಲತಕ್ಕದ್ದಲ್ಲವಾದರೂ ಒಮ್ಮೆ ಅಂಟಿದ ಹೆಸರು ಬಿಡಲಿಲ್ಲ. ಕನ್ನಡದಲ್ಲಿ ನಾವು ಮಾಡಿಕೊಂಡಿರುವ ತೊಡಕು ಇದಕ್ಕಿಂತ ಹೆಚ್ಚು ಹಾನಿಕರವಾದುದು. ಥ್ರಿಪ್ಸನ್ನೂ ನುಸಿಯೆನ್ನುತ್ತೇವೆ, ಮೈಟ್ ಎಂಬ ಬೇರೊಂದು ಜೀವಿಯನ್ನೂ ನುಸಿಯೆನ್ನುತ್ತೇವೆ. ಥ್ರಿಪ್ಸಿಗೆ ಆರು ಕಾಲುಗಳು, ಅದು ಕೀಟ. ಬೆಳೆದ ಮೈಟಿಗೆ ಎಂಟು ಕಾಲುಗಳು, ಅದು ಜೇಡನ ಬಂಧು. ಮೈಟನ್ನು ಮಾತ್ರ ಕೊಲ್ಲುವ ಔಷಧಗಳು ಕೆಲವಿವೆ. ಅಂಗಡಿಯಲ್ಲಿ “ನುಸಿಗೆ ಔಷಧ ಕೊಡಿರಿ” ಎಂದಷ್ಟೇ ಕೇಳಿದವನು ಅಂಥದನ್ನು ತಂದು ಥ್ರಿಪ್ಸಿನ ಮೇಲೆ ಎರಚಿದರೆ ಹಣವು ನೀರಿಗೆ ಹೋದಂತೆ.

ಕಪ್ಪು ನುಸಿಯ ಹೆಣ್ಣು ಸುಮಾರು ಒಂದು ಮಿಲಿಮೀಟರು ಉದ್ದವಿರುತ್ತದೆ. ಅಂದರೆ ಎಳ್ಳಿನ ಕಾಳಿಗಿಂತಲೂ ಬಹಳ ಚಿಕ್ಕದು. ತಲೆ ಮತ್ತು ಎದೆಯ ಭಾಗಗಳು ಕಂದು ಕಿತ್ತಳೆಯ ಬಣ್ಣದವು, ಹೊಟ್ಟೆಯು ಕಪ್ಪುಗಂದು, ಕಾಲುಗಳು ಹಳದಿ. ಮುಂದಿನ ರೆಕ್ಕೆಗಳು ಕಪ್ಪಾಗಿದ್ದು ಬುಡದಲ್ಲಿ ಮಾತ್ರ ತಿಳಿಬಣ್ಣ. ಗಂಡು ಇನ್ನೂ ಚಿಕ್ಕದು, ಹಳದಿ. ರೆಕ್ಕೆಗಳು ಚಿಟ್ಟೆಯ ರೆಕ್ಕೆಗಳಂತೆ ಅಗಲವಾಗಿರದೆ ಕಿರಿದಾದ ಕಡ್ಡಿಯಂತಿದ್ದು, ಅಂಚಿಗೆ ಉದ್ದವಾದ ಕೂದಲಿನ ಜಾಲರಿಯಿರುತ್ತದೆ. ಇಂಥ ರೆಕ್ಕೆಗಳಿಂದ ದೂರ ಹಾರುವುದಕ್ಕೆ ಸಾಧ್ಯವಿಲ್ಲದಿದ್ದರೂ ಗಾಳಿಯಲ್ಲಿ ತೇಲಿ ಹೋಗುವುದಕ್ಕೆ ಬೇಕಾದಷ್ಟಾಯಿತು. ಬಾಯಿಯ ರಚನೆ ವಿಚಿತ್ರವಾದುದು: ಎಡಗಡೆಯ ದವಡೆಯೊಂದೇ ಬೆಳೆದಿದ್ದು ಬಲಗಡೆಯದು ನಶಿಸಿದೆ. ಆ ಒಂದು ದವಡೆಯಿಂದ ಹೂವಿನ ಅಥವಾ ಎಲೆಯ ಹೊರಪದರವನ್ನು ಚುಚ್ಚಿ, ಸೂಜಿಯಂಥ ಬೇರೆ ಭಾಗಗಳಿಂದ ರಸವನ್ನು ಹೀರುತ್ತದೆ. ರಸವು ಬರಿದಾದ ಜಾಗದಲ್ಲಿ ಗಾಳಿ ತುಂಬಿ ಮೊದಲು ಬೆಳ್ಳಿಯಂತೆ ಹೊಳೆಯುವ ಕಲೆಯುಂಟಾಗಿ, ಆಮೇಲೆ ಅದು ಕಂದುಬಣ್ಣಕ್ಕೆ ತಿರುಗುತ್ತದೆ.

ಹೆಣ್ಣು ಮೊಟ್ಟೆಗಳನ್ನು ಎಲೆಯ ಮೇಲೆ ಇಡುವುದಿಲ್ಲ; ಗರಗಸದಂಥ ಅಂಗದಿಂದ ಎಳೆಯ ಭಾಗವನ್ನು ಸೀಳಿ ಒಳಗೆ ಹುದುಗಿಸುತ್ತದೆ. ಮೊಟ್ಟೆಯೊಡೆದ ಮರಿಗಳು ರಸವನ್ನು ಹೀರಿ ಎರಡು ಹಂತಗಳಲ್ಲಿ ಬೆಳೆದ ಮೇಲೆ ಕೆಳಗಿಳಿದು ಮಣ್ಣಿನ ಬಿರುಕಿನಲ್ಲಿಯೂ ಉದುರಿದ ತರಗಿನಲ್ಲಿಯೂ ಅಡಗಿ, ಆಹಾರವಿಲ್ಲದೆ ಕೆಲವು ದಿನಗಳನ್ನು ಕಳೆದು ರೆಕ್ಕೆಯುಳ್ಳ ಹುಳುಗಳಾಗಿ ಮತ್ತೆ ಮೇಲಕ್ಕೆ ಬರುತ್ತವೆ. ಮೊಟ್ಟೆಯಿಂದ ರೆಕ್ಕೆ ಬರುವತನಕ ಬೆಚ್ಚಗಿನ ದಿನಗಳಲ್ಲಿ ಎರಡು ವಾರಗಳಷ್ಟೇ ಸಾಕು. ರೈತನು ಈ ಒಂದು ಸಂಗತಿಯನ್ನು ಚೆನ್ನಾಗಿ ಮನಸ್ಸಿನಲ್ಲಿಡತಕ್ಕದ್ದು. ಔಷಧವನ್ನು ಸಿಂಪಡಿಸಿದ ದಿವಸ ಮೊಟ್ಟೆಗಳು ಎಲೆಯೊಳಗೂ, ಕೋಶದ ಹಂತದವು ಮಣ್ಣಿನಲ್ಲಿಯೂ, ದೊಡ್ಡ ಹುಳುಗಳು ಹೂವಿನ ಎಸಳುಗಳ ಮರೆಯಲ್ಲಿಯೂ ಇರುತ್ತವೆ. ಔಷಧವು ತಗಲುವುದು ಹೊರಗಿರುವ ಕೆಲವಕ್ಕೆ ಮಾತ್ರ. ವಾರದೊಳಗೆ ಮತ್ತೆ ಅಷ್ಟೇ ಹುಳುಗಳು ಕಂಡರೆ ಔಷಧವು ಸುಳ್ಳೆಂದೇ ಅರ್ಥವಲ್ಲ, ಹುಳುವಿಗೆ ಮನೆಗಳು ಮೂರಿವೆ.

ಹಳೆಯ ನುಸಿಗೂ ಹೊಸದಕ್ಕೂ ಇರುವ ಭೇದವನ್ನು ಕಣ್ಣಳತೆಯಲ್ಲಿಯೇ ಬಹುಮಟ್ಟಿಗೆ ತಿಳಿಯಬಹುದು. ಹಳೆಯದು ಒಣಹುಲ್ಲಿನಂತೆ ತಿಳಿಹಳದಿ, ಚಿಗುರನ್ನು ಹಿಡಿಯುತ್ತದೆ, ಎಲೆಯು ಮೇಲಕ್ಕೆ ಮಡಿಸುತ್ತದೆ. ಹೊಸದು ಕಪ್ಪು, ಬಿಳಿಯ ಹೂವಿನೊಳಗೆ ಐದಾರಲ್ಲ, ಕೆಲವೊಮ್ಮೆ ಹತ್ತಾರು ಸೇರಿರುತ್ತದೆ, ಹೂವಿನ ಎಸಳುಗಳ ಮೇಲೆ ಕಂದು ಗೀರುಗಳೇಳುತ್ತವೆ, ಪರಾಗವು ಹಾಳಾಗುತ್ತದೆ, ಹೂವು ಒಣಗಿ ಬೀಳುತ್ತದೆ. ಇದರ ಮರಿಗಳು ಎಲೆಯ ತಳಭಾಗದಲ್ಲಿರುವುದರಿಂದ ಎಲೆಗಳ ಅಡಿಯು ಕೆಂಪುಗಂದಾಗಿ ಮೇಲ್ಭಾಗದಲ್ಲಿ ಹಳದಿಯ ಮಚ್ಚೆಗಳು ತೋರುತ್ತವೆ. ಉಳಿದ ಹೂವಿನಿಂದ ಕಾಯಿ ಕಚ್ಚಿದರೂ ಅದು ಸೊಟ್ಟಗಾಗಿ, ಮೇಲೆ ಒರಟು ಕಲೆಗಳಾಗಿ ಪೇಟೆಯಲ್ಲಿ ದರ ಕಳೆದುಕೊಳ್ಳುತ್ತದೆ. ಬ್ಯಾಡಗಿಯ ಡಬ್ಬಿ, ಕಡ್ಡಿ ಜಾತಿಗಳ ಮೆಣಸಿನಕಾಯಿಗೆ ಬೆಲೆಯು ಬರುವುದು ಖಾರದಿಂದಲ್ಲ, ಬಣ್ಣದಿಂದ ಮತ್ತು ಸಿಪ್ಪೆಯ ಸುಕ್ಕಿನಿಂದ. 2011ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಆ ಕಾಯಿಯ ಮೈಮೇಲೆ ಕಲೆ ಬಿದ್ದರೆ ತೂಕದ ನಷ್ಟದ ಮೇಲೆ ದರದ ನಷ್ಟವೂ ಸೇರುತ್ತದೆ. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದ ಹೆಸರಿನ ಮೆಣಸಿನಕಾಯಿಗೂ ಈ ಮಾತು ಸಲ್ಲುತ್ತದೆ.

ಎಲೆಯು ಕೆಳಮುಖವಾಗಿ ಮಡಿಸಿ, ತೊಟ್ಟು ನೀಳವಾಗಿ, ಎಲೆ ಕಿರಿದಾಗಿ ಕಂಡರೆ ಅದು ಮೈಟಿನ ಕೆಲಸ. ಗಿಡವೆಲ್ಲ ಕುಬ್ಜವಾಗಿ ಎಲೆ ಗುಂಪಾಗಿ ಮುದುಡಿ ಹಳದಿಗಟ್ಟಿದರೆ ಬಿಳಿನೊಣವು ತಂದ ನಂಜುರೋಗವೆಂದು ಶಂಕಿಸಬೇಕು. ಇವು ಮೂರೂ ಒಂದೇ ಹೊಲದಲ್ಲಿ ಕೂಡಿಯೂ ಇರಬಹುದು, ಆದುದರಿಂದ ತಪ್ಪು ತಿಳಿವಳಿಕೆಗೆ ಆಸ್ಪದ ಹೆಚ್ಚು. ಈ ಸೀಮೆಯ ಕಪ್ಪುಭೂಮಿಯಲ್ಲಿ ಹಿಂದಿನಿಂದ ನಡೆದುಬಂದಿರುವ ಪದ್ಧತಿಯಂತೆ ಮೆಣಸಿನಕಾಯಿ, ಹತ್ತಿ, ಉಳ್ಳಾಗಡ್ಡಿಗಳನ್ನು ಒಟ್ಟಿಗೆ ಹಾಕಿದ ಹೊಲಗಳಲ್ಲಂತೂ ಉಳ್ಳಾಗಡ್ಡಿಯ ಗರಿಗಳಲ್ಲಿ ಥ್ರಿಪ್ಸ್ ಟಬಾಕಿ ಎಂಬ ಬೇರೊಂದು ಜಾತಿಯೂ ಇರುತ್ತದೆ. ಹೊಲ ಒಂದಾದರೂ ನುಸಿಗಳು ಹಲವು. ಇನ್ನೂ ಒಂದು ಎಚ್ಚರಿಕೆಯನ್ನು ಹೇಳಬೇಕಾಗಿದೆ. ಹೂವಿನಲ್ಲಿ ಕಪ್ಪಾಗಿ ಕಂಡ ಥ್ರಿಪ್ಸೆಲ್ಲ ಈ ಹೊಸ ಜಾತಿಯದೇ ಎಂದು ನಿಶ್ಚಯಿಸಕೂಡದು. ಫ್ರಾಂಕ್ಲಿನಿಯೆಲ್ಲಾ ಎಂಬ ಕುಲದ ಹಳೆಯ ಹೂನುಸಿಗಳಲ್ಲಿಯೂ ಕಪ್ಪು ಬಣ್ಣದವಿವೆ. ಅವುಗಳ ಮೀಸೆಗೆ ಎಂಟು ಗಿಣ್ಣು, ಇದರ ಮೀಸೆಗೆ ಏಳು. ಇದು ಸೂಕ್ಷ್ಮದರ್ಶಕದಲ್ಲಿಟ್ಟು ಎಣಿಸತಕ್ಕ ಭೇದವೇ ಹೊರತು ಹೊಲದಲ್ಲಿ ತಿಳಿಯತಕ್ಕದ್ದಲ್ಲ.

ಮಳೆಗೂ ಈ ಹುಳುವಿಗೂ ಇರುವ ಸಂಬಂಧವನ್ನು ಬೆಳಗಾವಿ ಜಿಲ್ಲೆಯವರು ಬೇಗನೆ ಗ್ರಹಿಸಬಲ್ಲರು, ಏಕೆಂದರೆ ಜಿಲ್ಲೆಯ ಒಂದು ತುದಿಯಿಂದ ಮತ್ತೊಂದು ತುದಿಗೆ ಮಳೆಯೇ ಬೇರೆಯಾಗುತ್ತದೆ. ಮಲಪ್ರಭೆಯು ಹುಟ್ಟುವ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಮುಂಗಾರಿನ ಕಾಲದಲ್ಲಿ ಮಳೆ ಧೋ ಎಂದು ಸುರಿಯುತ್ತದೆ. ಅದೇ ಹೊಳೆಯು ಹರಿದುಹೋಗುವ ಸವದತ್ತಿಯ ಕಡೆಗೆ ಮುಗಿಲು ಕಂಡರೂ ನೀರು ಕಾಣದ ವರುಷಗಳುಂಟು. ಬಿರುಸಾದ ಮಳೆಯು ಥ್ರಿಪ್ಸನ್ನು ಗಿಡದಿಂದ ತೊಳೆದು ಕೆಡವುತ್ತದೆ, ಮಣ್ಣಿನಲ್ಲಿರುವವನ್ನು ಕೆಸರಿನಲ್ಲಿ ಹೂಳುತ್ತದೆ. ಒಣಹವೆಯು ಅದಕ್ಕೆ ಹಬ್ಬ. ಆದುದರಿಂದ ಮುಂಗಾರಿನಲ್ಲಿ ಖಾನಾಪುರದವರಿಗೆ ಇದರ ಭಯ ಕಡಿಮೆಯೆನ್ನಬಹುದು. ಆದರೆ ಭತ್ತ ಕೊಯ್ದ ಗದ್ದೆಗಳಲ್ಲಿ ಹಿಂಗಾರಿಗೆ ತರಕಾರಿಯೊಡನೆ ಮೆಣಸಿನಕಾಯಿಯನ್ನು ಹಾಕುವವರು ಅಲ್ಲಿಯೂ ಉದಾಸೀನರಾಗಿರಕೂಡದು, ಏಕೆಂದರೆ ಆ ಪೈರು ಹೂ ಬಿಡುವುದು ಮಳೆಯು ನಿಂತ ಮೇಲೆ. ಪೂರ್ವದ ತಾಲ್ಲೂಕುಗಳಲ್ಲಿ ಮಳೆಯಾಶ್ರಯದ ಮೆಣಸಿನಕಾಯಿಯು ಹೂ ಬಿಟ್ಟು ಕಾಯಾಗುವ ಕಾಲವೂ, ಮಳೆ ಹಿಂದೆ ಸರಿದು ಹವೆ ಒಣಗುವ ಕಾಲವೂ ಒಂದೇ ಆಗಿ ಕೂಡಿಬರುತ್ತವೆ. 2021ರ ನವೆಂಬರಿನಲ್ಲಿ ಅಕಾಲದ ಮಳೆಗಳು ಸುರಿದು ನಿಂತವು. ಅದರ ಬೆನ್ನಿಗೇ ಹುಳುಗಳ ಕಾಟವು ತಾರಕಕ್ಕೇರಿತು.

ಆ ವರುಷ ರೈತರು ಸುಮ್ಮನೆ ಕುಳಿತಿರಲಿಲ್ಲ. ಅವರು ಮಾಡಿದ ತಪ್ಪೇನಾದರೂ ಇದ್ದರೆ ಅದು ಅತಿಯಾಗಿ ಮಾಡಿದ್ದೇ. ಬೀಜ, ಗೊಬ್ಬರ, ಆಳು, ನೀರು ಇವೆಲ್ಲಕ್ಕೂ ಹಣವನ್ನು ಸುರಿದಾದ ಮೇಲೆ, ಸಾಲವೂ ತಲೆಯ ಮೇಲಿರುವಾಗ, ಹೂವು ಉದುರುವುದನ್ನು ನೋಡಿಕೊಂಡಿರಲು ಯಾರಿಂದಲೂ ಆಗುವುದಿಲ್ಲ. ನೆರೆಯವನು ಎರಡು ಔಷಧಗಳನ್ನು ಬೆರೆಸಿದನೆಂದು ಇವನು ಮೂರನ್ನು ಬೆರೆಸುತ್ತಾನೆ, ವಾರಕ್ಕೊಮ್ಮೆ ಇದ್ದದ್ದು ಎರಡು ಸಲವಾಗುತ್ತದೆ. ಈ ಉಪಾಯದಿಂದ ಹುಳುವಿನ ಶತ್ರುಗಳೇ ಮೊದಲು ಸಾಯುತ್ತವೆ. ಓರಿಯಸ್ ಎಂಬ ಚಿಕ್ಕ ತಿಗಣೆ, ಗುಲಗಂಜಿ ಹುಳು, ಹಸಿರು ರೆಕ್ಕೆಯ ಕ್ರೈಸೋಪ, ಥ್ರಿಪ್ಸಿನ ಮರಿಗಳನ್ನು ತಿನ್ನುವ ಪರಭಕ್ಷಕ ಮೈಟುಗಳು, ಇವು ಹೂವಿನ ಹೊರಗೂ ಎಲೆಯ ಮೇಲೂ ಅಡ್ಡಾಡುವ ಜೀವಿಗಳು. ಮರೆಯಲ್ಲಿ ಅಡಗುವ ಅಭ್ಯಾಸವಿಲ್ಲದುದರಿಂದ ಔಷಧಕ್ಕೆ ಸುಲಭವಾಗಿ ತುತ್ತಾಗುತ್ತವೆ. ಹೂವಿನಲ್ಲಿ ಅವಿತ ನುಸಿಯು ಉಳಿದು, ತಿನ್ನುವವರಿಲ್ಲದ ಹೊಲದಲ್ಲಿ ಇಮ್ಮಡಿಯಾಗುತ್ತದೆ. ಪೈರೆತ್ರಾಯ್ಡ್ ಜಾತಿಯ ಔಷಧಗಳನ್ನು ಪದೇ ಪದೇ ಹೊಡೆದ ಹೊಲಗಳಲ್ಲಿ ಥ್ರಿಪ್ಸ್ ಹೆಚ್ಚುವುದು ಈ ಕಾರಣದಿಂದಲೇ. ಜೇನುನೊಣಗಳಿಗಾಗುವ ಹಾನಿಯು ಬೇರೆ.

ಆದುದರಿಂದ ಮೊದಲ ಕೆಲಸವು ನೋಡುವುದು. ಮೊಗ್ಗು ತೋರಿದ ದಿನದಿಂದ ವಾರಕ್ಕೆರಡು ಸಲ ಬೆಳಗಿನ ಹೊತ್ತು ಹೊಲದ ಐದು ಕಡೆಗಳಲ್ಲಿ ಹತ್ತು ಹತ್ತು ಗಿಡಗಳಿಂದ ಒಂದೊಂದು ಅರಳಿದ ಹೂವನ್ನು ಬಿಳಿಯ ಕಾಗದದ ಮೇಲೆ ಕೊಡವಬೇಕು. ಕಪ್ಪು ಚುಕ್ಕೆಗಳು ಓಡಾಡಿದರೆ ಎಣಿಸಿ ಬರೆದಿಡಬೇಕು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿಯಿದ್ದರೆ ಉತ್ತಮ. ಊರಿಗೆ ಒಂದಿದ್ದರೂ ಸಾಕು. ಒಂದೆರಡು ಹುಳುಗಳಿಂದ ಪೈರು ಹಾಳಾಗುವುದಿಲ್ಲ. ಎಣಿಕೆಯು ವಾರದಿಂದ ವಾರಕ್ಕೆ ಏರುತ್ತಿದೆಯೇ ಎಂಬುದು ಮುಖ್ಯವಾದ ಪ್ರಶ್ನೆ, ಬರೆದಿಡದವನಿಗೆ ಇದರ ಉತ್ತರವು ತಿಳಿಯುವುದಿಲ್ಲ.

ಹುಳುವು ಊರಿಂದೂರಿಗೆ ಹೋಗುವ ದೊಡ್ಡ ವಾಹನವು ಸಸಿಯೇ. ದೂರದ ಸಸಿಮಡಿಗಳಿಂದ ತಂದ ಸಸಿಗಳ ಎಲೆಯಡಿಯನ್ನು ತಿರುಗಿಸಿ ನೋಡದೆ ನಾಟಿ ಮಾಡಕೂಡದು. ಸಾಧ್ಯವಿದ್ದವರು ಸಣ್ಣ ಕಣ್ಣಿನ ಬಲೆಯ ಮರೆಯಲ್ಲಿ ತಾವೇ ಸಸಿಗಳನ್ನು ಬೆಳೆಸಿಕೊಳ್ಳುವುದು ಲೇಸು. ನಾಟಿಗೆ ಮೊದಲೇ ಹೊಲದ ಸುತ್ತ ಎರಡು ಮೂರು ಸಾಲು ಗೋವಿನಜೋಳವನ್ನೋ ಜೋಳವನ್ನೋ ಬಿತ್ತಿದರೆ ಗಾಳಿಯಲ್ಲಿ ತೇಲಿಬರುವ ಹುಳುಗಳಿಗೆ ಅದು ಬೇಲಿಯಾಗುತ್ತದೆ. ಯೂರಿಯಾವನ್ನು ಅಳತೆ ಮೀರಿ ಕೊಟ್ಟ ಪೈರು ನೋಡುವುದಕ್ಕೆ ಕಪ್ಪು ಹಸಿರಾಗಿ ಸೊಂಪಾಗಿರುತ್ತದೆ. ಅದರ ಮೆತ್ತನೆಯ ಚಿಗುರನ್ನು ನೋಡಿ ರೈತನಿಗಿಂತ ಹುಳುವಿಗೆ ಹೆಚ್ಚು ಸಂತೋಷ. ಆಗಾಗ್ಗೆ ಎಡೆ ಹೊಡೆದು ಮಣ್ಣನ್ನು ತಿರುವುತ್ತಿದ್ದರೆ ನೆಲದಲ್ಲಿ ಅಡಗಿದ ಕೋಶಗಳು ಬಿಸಿಲಿಗೆ ಬಿದ್ದು ಸಾಯುತ್ತವೆ.

ನೀಲಿ ಬಣ್ಣಕ್ಕೆ ಥ್ರಿಪ್ಸ್ ಆಕರ್ಷಿತವಾಗುವುದರಿಂದ, ಅಂಟು ಸವರಿದ ನೀಲಿ ಹಲಗೆಗಳನ್ನು ಎಕರೆಗೆ 25ರಿಂದ 30ರಂತೆ ಗಿಡದ ಎತ್ತರಕ್ಕೆ ನೆಡುವುದು ಪ್ರಯೋಜನಕರ. ಅಂಗಡಿಯದೇ ಆಗಬೇಕೆಂದಿಲ್ಲ, ಹಳೆಯ ತಗಡಿಗೆ ನೀಲಿ ಬಣ್ಣ ಬಳಿದು ಹರಳೆಣ್ಣೆಯನ್ನು ಸವರಿದರೂ ನಡೆಯುತ್ತದೆ. ಧೂಳು ಕೂತೊಡನೆ ಒರೆಸಿ ಮತ್ತೆ ಸವರಬೇಕು. ಹುಳು ಕಡಿಮೆಯಿರುವಾಗಲೇ ಬೇವಿನ ಬೀಜದ ಕಷಾಯವನ್ನು ಹೊಡೆಯತಕ್ಕದ್ದು: 5 ಕಿಲೋಗ್ರಾಂ ತಿರುಳನ್ನು ಕುಟ್ಟಿ, ರಾತ್ರಿಯೆಲ್ಲ ನೀರಿನಲ್ಲಿ ನೆನೆಯಿಟ್ಟು, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಸಾಬೂನು ಬೆರೆಸಿ 100 ಲೀಟರು ಮಾಡಿಕೊಳ್ಳಬೇಕು. ಸಂಜೆಯ ಹೊತ್ತು, ಎಲೆಯಡಿಯೂ ಹೂವೂ ತೋಯುವಂತೆ ಹೊಡೆಯಬೇಕು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಸಿದ್ಧಪಡಿಸಿರುವ ಬೇವಿನ ಸಾಬೂನು, ಹೊಂಗೆಯ ಸಾಬೂನುಗಳೂ ಇದೇ ಕೆಲಸಕ್ಕೆ ಬರುತ್ತವೆ. ಬ್ಯೂವೇರಿಯಾ ಎಂಬ ಬಿಳಿ ಬೂಷ್ಟಿನ ಪುಡಿಯು ಕೀಟದ ಮೈಮೇಲೆ ಬೆಳೆದು ಅದನ್ನು ಕೊಲ್ಲುತ್ತದೆ. ಆದರೆ ರೇಷ್ಮೆಹುಳುವಿಗೆ ಸುಣ್ಣಕಟ್ಟು ರೋಗವನ್ನು ತರುವುದೂ ಇದೇ ಬೂಷ್ಟು. ಹಿಪ್ಪುನೇರಳೆ ತೋಟವಿರುವ ಊರುಗಳಲ್ಲಿ ಇದನ್ನು ಮುಟ್ಟದಿರುವುದೇ ಕ್ಷೇಮ.

ಇಷ್ಟರಿಂದಲೂ ಹತೋಟಿಗೆ ಬಾರದೆ ರಾಸಾಯನಿಕ ಔಷಧವೇ ಬೇಕಾದಾಗ, ಅದರ ಹೆಸರನ್ನೂ ಪ್ರಮಾಣವನ್ನೂ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ತಿಳಿದು, ಒಂದು ಸಲಕ್ಕೆ ಒಂದನ್ನೇ ಬಳಸಬೇಕು. ಮುಂದಿನ ಸಲಕ್ಕೆ ಬೇರೆ ಗುಂಪಿನದನ್ನು ಆರಿಸಬೇಕು. ಬೆರೆಸುವ ಪದ್ಧತಿಯನ್ನು ಬಿಡತಕ್ಕದ್ದು. ಕಾಯಿ ಕೀಳುವ ದಿನಕ್ಕೆ ಎಷ್ಟು ದಿವಸ ಮುಂಚೆ ನಿಲ್ಲಿಸಬೇಕೆಂಬುದನ್ನು ಡಬ್ಬಿಯ ಚೀಟಿಯಲ್ಲಿ ಓದಿಕೊಳ್ಳಬೇಕು. ಮೆಣಸಿನಕಾಯಿಯು ಪರದೇಶಗಳಿಗೂ ಹೋಗುವ ಸರಕು. ಔಷಧದ ಶೇಷ ಕಂಡರೆ ಅವರು ಹಿಂದಕ್ಕೆ ಕಳುಹಿಸುತ್ತಾರೆ.

ಗ್ರಾಮದ ಮುಖ್ಯಸ್ಥರ ಸಹಾಯವು ಬೇಕಾಗುವುದು ಬೆಳೆಯ ಕೊನೆಯಲ್ಲಿ. ಕೊನೆಯ ಕಾಯಿ ಕಿತ್ತ ಮೇಲೆ ಗಿಡಗಳನ್ನು ಹೊಲದಲ್ಲಿಯೇ ಬಿಟ್ಟರೆ ಅವು ತಿಂಗಳುಗಟ್ಟಲೆ ಬಿಡಿ ಹೂಗಳನ್ನು ಬಿಡುತ್ತ ಹುಳುವನ್ನು ಸಾಕುತ್ತವೆ. ಒಬ್ಬನು ಕಿತ್ತು ನಾಲ್ವರು ಬಿಟ್ಟರೆ ಕಿತ್ತವನ ಶ್ರಮವು ವ್ಯರ್ಥ. ಇಂತಹ ವಾರದೊಳಗೆ ಎಲ್ಲರೂ ಗಿಡ ಕಿತ್ತು ಗೊಬ್ಬರದ ಗುಂಡಿಗೆ ಹಾಕಬೇಕೆಂದು ಊರಿನಲ್ಲಿ ಒಮ್ಮತದಿಂದ ಗೊತ್ತುಮಾಡಿಕೊಂಡು, ಅದೇ ಹೊಲಕ್ಕೆ ಮರುವರುಷ ಕಡಲೆಯನ್ನೋ ಜೋಳವನ್ನೋ ಹಾಕುವುದು ಯುಕ್ತ. ಪಟ್ಟಣದವರೂ ಇದರಿಂದ ಹೊರತಲ್ಲ. ಈ ಹುಳುವು ದೇಶದಲ್ಲಿ ಮೊದಲು ಸಿಕ್ಕಿದ್ದು ಪಪ್ಪಾಯಿಯ ಮೇಲೆ ಎಂಬುದನ್ನು ಮೇಲೆ ಹೇಳಿದೆ. ಬೆಳಗಾವಿಯ ಸದಾಶಿವನಗರದಂಥ ಬಡಾವಣೆಯ ಹಿತ್ತಲಿನಲ್ಲಿ ಒಂದು ಪಪ್ಪಾಯಿ, ನಾಲ್ಕು ಮೆಣಸಿನ ಗಿಡ, ಒಂದು ಪಾತಿ ಡೇಲಿಯಾ ಇದ್ದರೆ ಅಷ್ಟು ಅದಕ್ಕೆ ಬೇಸಗೆಯನ್ನು ಕಳೆಯಲು ಸಾಕು. ಅಂಥ ಮನೆಯ ಒಡೆಯರೂ ಹೂವನ್ನು ಬಿಳಿಯ ಕಾಗದದ ಮೇಲೆ ಕೊಡವಿ ನೋಡಬಹುದು. ಅಲ್ಲಿಂದ ಸಸಿಯನ್ನೋ ಹೂವಿನ ಕುಂಡವನ್ನೋ ಹಳ್ಳಿಯ ನೆಂಟರಿಗೆ ಕಳುಹಿಸುವಾಗಲಂತೂ ನೋಡಲೇಬೇಕು.

ಸಂಶಯ ಬಂದಲ್ಲಿ ಹುಳುಗಳನ್ನು ಪರೀಕ್ಷೆಗೆ ಕಳುಹಿಸತಕ್ಕದ್ದು. ಬೆಳಗಾವಿ ಜಿಲ್ಲೆಯವರಿಗೆ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರವೂ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವೂ ಸಮೀಪದವು. ಹೂವನ್ನು ಹಾಗೆಯೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಳುಹಿಸಿದರೆ ದಾರಿಯಲ್ಲಿಯೇ ಕೊಳೆತು ಗುರುತು ಸಿಕ್ಕುವುದಿಲ್ಲ. ಒದ್ದೆ ಮಾಡಿದ ಸಣ್ಣ ಕುಂಚದ ತುದಿಯಿಂದ ಹುಳುಗಳನ್ನು ಎತ್ತಿ, ನೀರು ಬೆರೆಸಿದ ಮದ್ಯಸಾರವುಳ್ಳ ಚಿಕ್ಕ ಶೀಶೆಗೆ ಹತ್ತು ಹದಿನೈದನ್ನು ಹಾಕಿ ಬಿರಡೆಯನ್ನು ಬಿಗಿಯಬೇಕು. ಊರಿನ ಹೆಸರು, ಬೆಳೆ, ಜಾತಿ, ಹುಳು ಸಿಕ್ಕಿದ್ದು ಹೂವಿನಲ್ಲಿಯೋ ಎಲೆಯಲ್ಲಿಯೋ, ತಾರೀಖು ಮತ್ತು ಅದಕ್ಕೆ ಹಿಂದೆ ಹೊಡೆದ ಔಷಧ ಯಾವುದು ಎಂಬ ವಿವರಗಳನ್ನು ಒಂದು ಚೀಟಿಯಲ್ಲಿ ಬರೆದು ಶೀಶೆಯೊಳಗೇ ಹಾಕತಕ್ಕದ್ದು. ಚೀಟಿಯನ್ನು ಪೆನ್ಸಿಲಿನಿಂದ ಬರೆಯಬೇಕು. ಶಾಯಿಯಾದರೆ ಮದ್ಯಸಾರದಲ್ಲಿ ಕರಗಿಹೋಗುತ್ತದೆ.